ಗಿಡ ನೋಡಿ ಬೀಜ ಹಿಡಿದ ಮೂರು ವರ್ಷ

ನಮ್ಮ ಹೊಲ ಹುಕ್ಕೇರಿ ತಾಲೂಕಿನಲ್ಲಿ, ಸಂಕೇಶ್ವರದ ಹತ್ತಿರ. ಹಿರಣ್ಯಕೇಶಿ ದಂಡೆಯ ತುಂಬಾ ಈಗ ಕಬ್ಬು. ಆದರೂ ನಾವು ಒಂದು ಎಕರೆ ಜವಾರಿ ಸಂಕೇಶ್ವರಿ ಮೆಣಸಿನಕಾಯಿ ಬಿಟ್ಟಿಲ್ಲ. ಉದ್ದ, ತೆಳ್ಳಗೆ, ಖಾರ ಜಾಸ್ತಿ. ಮಸಾಲೆ ಖಾರ ಕುಟ್ಟಿಸುವವರು ಇದನ್ನೇ ಕೇಳಿಕೊಂಡು ಬರುತ್ತಾರೆ.

ನಮ್ಮ ಮನೆಯಲ್ಲಿ ಬೀಜ ಹಿಡಿಯುತ್ತಿದ್ದದ್ದು ಒಣಗಿದ ರಾಶಿಯಿಂದ. ಅವ್ವ ರಾಶಿ ಮುಂದೆ ಕೂತು ಉದ್ದನೆಯ, ಚಂದದ ಕಾಯಿ ಆರಿಸುತ್ತಿದ್ದಳು. ನಾನೂ ಹಾಗೇ ಮಾಡಿದೆ. ಇಳುವರಿ ಮಾತ್ರ ವರ್ಷ ವರ್ಷ ಇಳಿಯಿತು. ಒಂದು ದಿನ ಹಣ್ಣು ಬಿಡಿಸುವಾಗ ಗೇಣುದ್ದದ ಕಾಯಿ ಕೈಗೆ ಬಂತು. ಗಿಡ ನೋಡಿದರೆ ಇದ್ದದ್ದೇ ಹದಿನೈದು ಕಾಯಿ! ಪಕ್ಕದ ಗಿಡದಲ್ಲಿ ಕಾಯಿ ಸ್ವಲ್ಪ ಗಿಡ್ಡ, ಆದರೆ ಟೊಂಗೆ ಬಾಗುವಷ್ಟು ಜೋತು ಬಿದ್ದಿದ್ದವು. ರಾಶಿಗೆ ಬಿದ್ದ ಮೇಲೆ ಯಾವ ಕಾಯಿ ಯಾವ ಗಿಡದ್ದು ಅಂತ ಹೇಗೆ ಗೊತ್ತಾಗಬೇಕು?

ಮುಂದಿನ ಮುಂಗಾರಿಗೆ ಐದು ಮನೆಗಳಿಂದ ಸಂಕೇಶ್ವರಿ ಬೀಜ ತಂದು, ಅಗಿ (ಸಸಿ) ಮಾಡಿ, ಮನೆಗೊಂದು ಸಾಲು ಹಚ್ಚಿದೆ. ಹೆಸರು ಒಂದೇ, ಗಿಡ ಬೇರೆ ಬೇರೆ. ಒಂದು ಸಾಲು ಎತ್ತರಕ್ಕೆ ಹೋಯಿತು, ಇನ್ನೊಂದು ಕೊಡೆಯಂತೆ ಹರಡಿತು. ಒಂದು ಸಾಲು ಎಲ್ಲಕ್ಕಿಂತ ಮೊದಲು ಹೂ ಬಿಟ್ಟಿತು. ಐವತ್ತು ಗಿಡಗಳಿಗೆ ಬಣ್ಣದ ದಾರ ಕಟ್ಟಿ ನಂಬರ್ ಕೊಟ್ಟೆ. ಹೂ ಬಂದ ದಿನ, ಟೊಂಗೆ, ಪ್ರತಿ ಬಿಡಿಸಿನ ಕಾಯಿ ಲೆಕ್ಕ, ಹತ್ತು ಒಣ ಕಾಯಿಯ ತೂಕ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದೆ. ತೂಕ ಒಣಗಿಸಿಯೇ ಮಾಡಬೇಕು. ಹಸಿಯಲ್ಲಿ ನೀರಿನ ತೂಕ ಕಣ್ಣಿಗೆ ಮಣ್ಣೆರಚುತ್ತದೆ.

ಕೊನೆಗೆ ಲೆಕ್ಕ ನೋಡಿದಾಗ ಇಳುವರಿಯನ್ನು ಎತ್ತಿ ಹಿಡಿದದ್ದು ಗಿಡಕ್ಕೆ ಬಂದ ಕಾಯಿಯ ಸಂಖ್ಯೆ. ಉದ್ದದ ಪಾಲು ಕಡಿಮೆ. ಆದರೆ ಬರೀ ಸಂಖ್ಯೆ ನೋಡಿದರೆ ಕಾಯಿ ಸಣ್ಣದಾಗುತ್ತಾ ಹೋಗುತ್ತದೆ. ಅದಕ್ಕೇ ಸಂಖ್ಯೆ, ಒಣ ತೂಕ ಎರಡರಲ್ಲೂ ಮುಂದಿದ್ದ ಗಿಡ ಮಾತ್ರ ಇಟ್ಟುಕೊಂಡೆ.

ಮೊದಲ ವರ್ಷ ಒಂದು ತಪ್ಪು ಮಾಡಿದೆ. ಮನೆ ಖಾರಕ್ಕೆ ಬಣ್ಣ ಬರಲಿ ಅಂತ ಪಕ್ಕದಲ್ಲೇ ಒಂದು ಸಾಲು ಬ್ಯಾಡಗಿ ಡಬ್ಬಿ, ಅಂದರೆ ಗಿಡ್ಡ, ದಪ್ಪ ಕಾಯಿಯ ಮೆಣಸಿನಕಾಯಿ ಹಚ್ಚಿದ್ದೆ. ಆ ವರ್ಷದ ಕಾಯಿ ಸರಿಯಾಗಿಯೇ ಇದ್ದವು. ಮರುವರ್ಷ ಅದೇ ಬೀಜದ ಗಿಡಗಳಲ್ಲಿ ದಪ್ಪ, ಮೊಂಡು ಕಾಯಿ! ಮೆಣಸಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ, ತನ್ನಷ್ಟಕ್ಕೇ ಕಾಯಿ ಕಟ್ಟುತ್ತದೆ. ಆದರೂ ಜೇನುನೊಣ ಪರಾಗ ತಂದು ಬೆರೆಸುತ್ತದೆ. ಬೆರೆತದ್ದು ಮುಂದಿನ ಪೀಳಿಗೆಯಲ್ಲೇ ಕಾಣುವುದು. ರೈತರಿಗೆ ಮಾರುವ ಪ್ರಮಾಣಿತ ಬೀಜ ಬೆಳೆಯಲು ಬೇರೆ ತಳಿಯ ಮೆಣಸಿನ ಹೊಲದಿಂದ 200 ಮೀಟರ್, ಆ ಬೀಜಕ್ಕೆ ತಾಯಿಯಾದ ಮೂಲ ಬೀಜಕ್ಕೆ 400 ಮೀಟರ್ ಅಂತರ ಬೇಕು. ನಮ್ಮಂಥವರ ತುಂಡು ಹೊಲದಲ್ಲಿ ಅಷ್ಟು ಜಾಗ ಎಲ್ಲಿ, ಅಲ್ವಾ? ನಾನು ಆರಿಸಿದ ಗಿಡದಲ್ಲಿ ಆಗಲೇ ಅರಳಿದ ಹೂ, ಕಟ್ಟಿದ ಕಾಯಿ ತೆಗೆದು, ಸೊಳ್ಳೆ ಪರದೆ ಹೊದಿಸಿದೆ. ದಿನಾ ಬೆಳಿಗ್ಗೆ ಟೊಂಗೆ ಮೆಲ್ಲಗೆ ಅಲ್ಲಾಡಿಸಿದೆ. ಒಳಗೆ ಕಟ್ಟಿದ ಕಾಯಿಗೆ ಕೆಂಪು ದಾರ ಕಟ್ಟಿ ಪರದೆ ತೆಗೆದೆ.

ಎರಡನೇ ವರ್ಷ ಮುಟುರು ರೋಗ ಬಂತು. ಥ್ರಿಪ್ಸ್ ಮತ್ತು ನುಸಿ ರಸ ಹೀರಿ, ನನ್ನ ಅತಿ ಒಳ್ಳೆಯ ಸಾಲಿನ ಎಲೆಗಳೇ ದೋಣಿಯಂತೆ ಮುದುಡಿದವು. ಕಾಯಿ ಕಡಿಮೆ ಅಂತ ನಾನು ಕೈಬಿಡಬೇಕೆಂದಿದ್ದ ಸಾಲು ಮಾತ್ರ ಹಸಿರಾಗಿ ನಿಂತಿತ್ತು. ಅದನ್ನು ನೋಡುತ್ತಾ ಬದುವಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಒಂದೇ ಗಿಡದ ಬೀಜದಿಂದ ಹೊಲ ತುಂಬಿಸುವ ಆಸೆ ಅವತ್ತೇ ಬಿಟ್ಟೆ. ಈಗ ಐದೂ ಮನೆಯ ಸಾಲುಗಳಿಂದ ಇಪ್ಪತ್ತಕ್ಕೂ ಜಾಸ್ತಿ ಗಿಡಗಳ ಬೀಜ ಹಿಡಿಯುತ್ತೇನೆ.

ಅರಭಾವಿ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಇನ್ನೊಂದು ಮಾತು ಹೇಳಿದ. ಗಿಡ ಚೆನ್ನಾಗಿ ಬಂದದ್ದು ಗುಣದಿಂದಲೋ ಗೊಬ್ಬರದಿಂದಲೋ ತಿಳಿಯಬೇಕಾದರೆ, ಒಂದೊಂದು ಗಿಡದ ಬೀಜವನ್ನು ಒಂದೊಂದು ಸಾಲಿನಲ್ಲೇ ಹಚ್ಚಿ ನೋಡಬೇಕಂತೆ. ಹಾಗೇ ಮಾಡಿದೆ. ತಿಪ್ಪೆ ಪಕ್ಕದಲ್ಲಿದ್ದ 17ನೇ ನಂಬರಿನ ಗಿಡದ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಅದರ ಮಕ್ಕಳು ಸಾಧಾರಣವಾಗಿ ಬಂದವು. ಹೊಲದ ನಡುವೆ ಇದ್ದ 31ರ ಸಾಲು ಮಾತ್ರ ತಾಯಿಯಂತೆಯೇ ಜೋತು ಬಿತ್ತು. ಅದರ ಬೀಜವನ್ನು ಒಲೆ ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೇ ಕೊನೆಗೆ ಮಡಿಗೆ ಹಾಕಬೇಕು.