ಇಂಟರ್‌ಲಾಕ್ ಅಂಗಳಕ್ಕೆ 12 ವೋಲ್ಟ್ ಲೈಟ್ ಹಾಕುವವರಿಗೆ

ಮೂಡಿಗೆರೆ, ಸಕಲೇಶಪುರ ಕಡೆ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿಸುತ್ತಿದ್ದೀರಾ? ಲೈಟ್ ಆಮೇಲೆ ಹಾಕಿಸಿದರೂ ಸರಿ, ಕಲ್ಲು ಕೂರಿಸುವ ಮೊದಲೇ ವೈರ್ ಎಳೆಯಲು ಪಿವಿಸಿ ಪೈಪ್ ಹೂತುಬಿಡಿ.

ನಮ್ಮ ಮನೆಯಲ್ಲಿ ಮೊದಲ ಮಳೆಗಾಲಕ್ಕೇ ಮೂರು ಲೈಟ್ ಹೋದವು. ಕಲ್ಲು ಎತ್ತಿ ನೋಡಿದರೆ ಲೈಟ್ ಕೂರಿಸಿದ ಗುಂಡಿ ತುಂಬಾ ನೀರು. ಜಾಯಿಂಟಿನ ಟೇಪ್ ಬಿಚ್ಚಿಕೊಂಡು ತಾಮ್ರ ಹಸಿರುಗಟ್ಟಿತ್ತು. ಈಗ ಪ್ರತಿ ಲೈಟಿನ ಕೆಳಗೆ ಒಂದಡಿ ಜಲ್ಲಿ ತುಂಬಿಸಿದ್ದೇನೆ, ನೀರು ಇಳಿದು ಹೋಗುತ್ತದೆ. ಜಾಯಿಂಟಿಗೆ ಜೆಲ್ ತುಂಬಿದ ಕನೆಕ್ಟರ್ ಹಾಕಿದ್ದೇನೆ. ಲೈಟ್ ಐಪಿ67 (ಧೂಳು, ನೀರು ಎಷ್ಟು ತಡೆಯುತ್ತದೆ ಎನ್ನುವ ರೇಟಿಂಗ್) ಇರಲೇಬೇಕು. ಐಪಿ65 ಚಿಮ್ಮುವ ನೀರಿಗೆ ಸಾಕು, ನಿಂತ ನೀರಿಗಲ್ಲ.

ವೈರ್‌ನಲ್ಲಿ ಮಾತ್ರ ಉಳಿತಾಯ ಬೇಡ. 60 ವ್ಯಾಟ್ ಲೋಡ್ ಅಂದರೆ 12 ವೋಲ್ಟ್‌ನಲ್ಲಿ 5 ಆಂಪಿಯರ್. 20 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ವೈರ್ ಎಳೆದರೆ ಹತ್ತಿರ ಹತ್ತಿರ ಎರಡೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಗೇಟಿನ ಹತ್ತಿರದ ಲೈಟ್ ಮಂಕಾಗೋದು ಇದಕ್ಕೇ ಅಲ್ವಾ! 4 ಚದರ ಮಿ.ಮೀ. ಹಾಕಿದರೆ ನಷ್ಟ ಒಂದು ವೋಲ್ಟ್‌ಗಿಂತ ಕಡಿಮೆ.

ಮನೆಯ 230 ವೋಲ್ಟನ್ನು 12ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಜಗುಲಿ ಗೋಡೆಗೆ, ಮಳೆ ಎರಚಲು ತಾಗದ ಕಡೆ ಇರಲಿ. 230 ವೋಲ್ಟ್ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಕರೆಸಿ. ಮೇ ತಿಂಗಳಲ್ಲಿ ಸ್ವಿಚ್ ಆಫ್ ಮಾಡಿ ಗಾಜಿನ ಮೇಲಿನ ಪಾಚಿ ಒರೆಸಿ, ರಬ್ಬರ್ ವಾಷರ್ ಬಿರುಕು ಬಿಟ್ಟಿದ್ದರೆ ಬದಲಿಸಿ.