ಸಿ6ರ ಪಾನ್ ಬಿದ್ದ ಆಟ

ತುಮಕೂರಿನ ಚೆಸ್ ಟೂರ್ನಿಯೊಂದರಲ್ಲಿ ತಿಪಟೂರಿನ ಕಾಲೇಜು ಹುಡುಗನ ಎದುರು ನನಗೆ ಬಿಳಿ ಕಾಯಿ ಬಂತು. ರೇಟಿಂಗ್‌ನಲ್ಲಿ ಅವನು ನನಗಿಂತ ಮುಂದೆ. ಡಿ4 ಆಡಿದೆ, ಅಂದರೆ ಡಿ ಸಾಲಿನ ಪಾನ್ (ಕಾಲಾಳು) ನಾಲ್ಕನೇ ಮನೆಗೆ; ಡಿ5 ಬಂತು, ಸಿ4ಕ್ಕೆ ಇ6. ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್, ಅಂದರೆ ಬಿಳಿ ಒಡ್ಡಿದ ಸಿ4ರ ಪಾನನ್ನು ಕಪ್ಪು ಹೊಡೆಯದೆ ಬಿಡುವ ಓಪನಿಂಗ್ (ಆಟದ ಆರಂಭದ ನಡೆಗಳು). ಹಳೇದು, ಬೋರು ಅಂತ ನಮ್ಮ ಹುಡುಗರು ಇದಕ್ಕೆ ಮೂಗು ಮುರಿಯುತ್ತಾರೆ. 1927ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಲೆಖಿನ್, ಕಾಪಾಬ್ಲಾಂಕಾ ಆಡಿದ 34 ಆಟಗಳಲ್ಲಿ 32 ಇದೇ ಓಪನಿಂಗ್. ಎಷ್ಟು ಸೇದಿದರೂ ಬತ್ತದ ಬಾವಿ ಇದು.

ಬೇಗನೆ ಡಿ5ರಲ್ಲಿ ಪಾನ್ ಬದಲಾಯಿಸಿಕೊಂಡೆ. ಈಗ ರಾಣಿಯ ಬದಿಯಲ್ಲಿ ನನ್ನವು ಎರಡು ಪಾನ್, ಅವನವು ಮೂರು. ಕಮ್ಮಿ ಇರುವವನೇ ಮೇಲೆ ಬೀಳಬೇಕು; ಅದೇ ಮೈನಾರಿಟಿ ಅಟ್ಯಾಕ್. ಆನೆ ಬಿ1ಕ್ಕೆ, ಎ3, ಬಿ4, ಆಮೇಲೆ ಬಿ5. ಅವನು ಸಿ6ರ ಪಾನಿನಿಂದ ಹೊಡೆದರೆ ಅವನ ಡಿ5 ಪಾನ್ ಒಂಟಿ, ಬಿಟ್ಟರೆ ಸಿ6ರದು ಬಡಕಲು.

ಎ ಪಾನ್‌ಗಳು ಬದಲಾಗಿದ್ದವು. ಬಿ5 ತಳ್ಳಲು ಕೈ ತುರಿಸುತ್ತಿತ್ತು. ಆದರೆ ಅವನ ಕುದುರೆ ಡಿ7, ಎಫ್8 ಹಾದು ಜಿ6ಕ್ಕೆ ಬಂದಿತ್ತು, ಕಣ್ಣು ನನ್ನ ರಾಜನ ಮೇಲೆ. ಎಫ್1ರ ಆನೆಯನ್ನು ಸಿ1ಕ್ಕೆ ಸರಿಸಿ, ಎಫ್3ರ ಕುದುರೆಯನ್ನು ಡಿ2 ಮೇಲಿಂದ ಎಫ್1ಕ್ಕೆ ಕರೆಸಿಕೊಂಡೆ. ಅಲ್ಲಿ ನಿಂತ ಒಂದೇ ಕುದುರೆ ಎಚ್2, ಜಿ3, ಇ3 ಮೂರೂ ಮನೆ ಕಾಯುತ್ತದೆ. ನೋಡಲು ಸಪ್ಪೆ ನಡೆಗಳು. ಈ ಓಪನಿಂಗ್‌ನಲ್ಲಿ ಗೆಲುವು ಹುಟ್ಟುವುದೇ ಅಲ್ಲಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಆಮೇಲೆ ಬಿ5. ಸಿ6ರಲ್ಲಿ ಪಾನ್ ಬದಲಾಯಿತು. ಕಪ್ಪು ಮನೆಯ ಬಿಷಪ್‌ಗಳು ಆಗಲೇ ಹೋಗಿದ್ದರಿಂದ ನನ್ನ ಇನ್ನೊಂದು ಕುದುರೆ ಎ4ರಿಂದ ಸಿ5ಕ್ಕೆ ನಿರಾಳವಾಗಿ ಹಾರಿತು. ಅಂಥ ಕುದುರೆಯನ್ನು ಡಿ7ರ ಮಂಕು ಬಿಷಪ್ಪಿಗೆ ಯಾರೂ ಸುಮ್ಮನೆ ಕೊಡುವುದಿಲ್ಲ. ನಾನು ಕೊಟ್ಟೆ, ಯಾಕೆಂದರೆ ಸಿ6ರ ನಿಜವಾದ ಕಾವಲುಗಾರ ಆ ಬಿಷಪ್ಪೇ. ಬಿ6ಕ್ಕೆ ಆನೆ ಹೋಯಿತು, ಎ6ಕ್ಕೆ ಬಿಷಪ್ ಹೋಗಿ ಸಿ8ರ ಆನೆಯನ್ನು ಎಬ್ಬಿಸಿತು. ಸಿ6 ಬಿತ್ತು, ಬೆನ್ನಿಗೇ ಡಿ5. ಪ್ರತಿ ನಡೆಗೆ ಗಡಿಯಾರದಲ್ಲಿ 30 ಸೆಕೆಂಡ್ ಸೇರುವುದನ್ನೇ ನಂಬಿ ಆಡುತ್ತಿದ್ದ ಹುಡುಗ ಸೋಲೊಪ್ಪಿ ಕೈ ಚಾಚಿದ.

ಹೊರಗೆ ಬಂದ ಮೇಲೆ, "ಅಣ್ಣ, ನೀವು ಬಿ4 ಆಡಿದಾಗಲೇ ನಾನು ಬಿ5 ಹಾಕಿದ್ರೆ?" ಅಂದ. ಒಳ್ಳೇ ಪ್ರಶ್ನೆ. ಆಗ ನನ್ನ ಬಿ ಪಾನ್ ಅಲ್ಲೇ ಕಟ್ಟಿಬೀಳುತ್ತದೆ. ಅವನ ಕುದುರೆ ಬಿ6ರಿಂದ ಸಿ4ಕ್ಕೆ ಬಂದು ಕೂತರೆ ಸಿ6ಕ್ಕೆ ದಾರಿಯೇ ಮುಚ್ಚುತ್ತದೆ. ಮುಂದಿನ ಸುತ್ತಿನ ಪೇರಿಂಗ್ (ಯಾರ ಎದುರು ಯಾರು ಅನ್ನೋ ಪಟ್ಟಿ) ಅಂಟಿಸುವವರೆಗೂ ಕಾಯಿ ಜೋಡಿಸಿ ಅದನ್ನೇ ನೋಡಿದೆವು. ನಡುವೆ ಇ4 ಒಡೆಯುವುದೇ ಬಿಳಿಗೆ ಸರಿ ಅಂತ ನಾನು, ಅದಕ್ಕೂ ಉತ್ತರ ಇದೆ ಅಂತ ಅವನು.