ಟ್ಯೂಬರಸ್ ಸ್ಕ್ಲೆರೋಸಿಸ್ ಇರುವ ಮಗುವಿಗೆ ವಿಗಾಬ್ಯಾಟ್ರಿನ್ ಕೊಡುವ ಕ್ರಮ

ನಿದ್ದೆಯಿಂದ ಎದ್ದ ಶಿಶು ತಲೆ ಬಾಗಿಸಿ, ಎರಡೂ ಕೈ ಚಾಚಿ ಒಮ್ಮೆ ಸೆಟೆಯುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ. ಮನೆಯ ಹಿರಿಯರು ಹೊಟ್ಟೆನೋವು ಅಥವಾ ದೃಷ್ಟಿ ಎನ್ನಬಹುದು. ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳೂ ಇದ್ದರೆ ಮೊಬೈಲಲ್ಲಿ ವಿಡಿಯೊ ಮಾಡಿಕೊಂಡು ತಡಮಾಡದೆ ಮಂಗಳೂರಿಗೋ ಮಣಿಪಾಲಕ್ಕೋ ಹೋಗಿ ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ಜೀನ್‌ನ ದೋಷದಿಂದ ಮೆದುಳು, ಚರ್ಮ ಮುಂತಾದೆಡೆ ಗಂಟು ಬೆಳೆಯುವ ಟ್ಯೂಬರಸ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ಇಂಥ ಸ್ಪಾಸಂಗೆ (ಸೆಟೆತಕ್ಕೆ) ಮೊದಲ ಮದ್ದು ವಿಗಾಬ್ಯಾಟ್ರಿನ್.

ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 50 ಮಿಲಿಗ್ರಾಂನಿಂದ ಶುರು ಮಾಡಿ, ಕೆಲವೇ ದಿನಗಳಲ್ಲಿ 100ರಿಂದ 150ರವರೆಗೆ ಏರಿಸುತ್ತಾರೆ. ಎಷ್ಟೆಂಬುದು ತಜ್ಞರ ತೀರ್ಮಾನ. ಎಡವಟ್ಟಾಗುವುದು ಹೆಚ್ಚಾಗಿ ಅಳತೆಯಲ್ಲಿ. 500 ಮಿಲಿಗ್ರಾಂ ಪುಡಿಯ ಪೊಟ್ಟಣವನ್ನು ಕಣ್ಣಂದಾಜಿನಲ್ಲಿ ಅರ್ಧ ಮಾಡಬೇಡಿ. ಇಡೀ ಪೊಟ್ಟಣವನ್ನು ಕುದಿಸಿ ಆರಿಸಿದ 10 ಮಿ.ಲೀ. ನೀರಿನಲ್ಲಿ ಕರಗಿಸಿ. ಆಗ 1 ಮಿ.ಲೀ.ಗೆ 50 ಮಿಲಿಗ್ರಾಂ. 6 ಕಿಲೋ ಮಗುವಿಗೆ ದಿನಕ್ಕೆ ಕಿಲೋಗೆ 100 ಎಂದು ಬರೆದಿದ್ದರೆ ಒಟ್ಟು 600 ಮಿಲಿಗ್ರಾಂ. ಬೆಳಗ್ಗೆ 6 ಮಿ.ಲೀ., ರಾತ್ರಿ 6 ಮಿ.ಲೀ. ಸೂಜಿಯಿಲ್ಲದ 10 ಮಿ.ಲೀ. ಸಿರಿಂಜಿನಲ್ಲಿ ಎಳೆದು, ಕೆನ್ನೆಯ ಒಳಬದಿಗೆ ನಿಧಾನ ಬಿಡಿ. ಮನೆಯ ಚಮಚ ಬೇಡ, ಒಂದೊಂದೂ ಒಂದೊಂದು ಗಾತ್ರ. ಹಾಲಿನ ಬಾಟಲಿಗೆ ಬೆರೆಸಿದರೆ ಮಗು ಅರ್ಧ ಬಿಟ್ಟಾಗ ಹೊಟ್ಟೆಗೆ ಎಷ್ಟು ಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಉಳಿದ ದ್ರಾವಣ ಚೆಲ್ಲಿ; ರಾತ್ರಿಗೆ ಹೊಸ ಪೊಟ್ಟಣ. ಮಾತ್ರೆ ಮಾತ್ರ ಸಿಕ್ಕಿದರೆ ಪುಡಿ ಮಾಡುವ ಮೊದಲು ವೈದ್ಯರನ್ನು ಕೇಳಿ.

ಮಗುವಿನ ತೂಕ ಬೇಗ ಏರುತ್ತದೆ, ಚೀಟಿಯ ಡೋಸ್ ಹಾಗೇ ಉಳಿಯುತ್ತದೆ. ಮದ್ದು ಕೆಲಸ ಮಾಡುತ್ತಿಲ್ಲ ಎನ್ನುವ ಮುಂಚೆ ಪ್ರತಿ ಭೇಟಿಯಲ್ಲೂ ತೂಕ ನೋಡಿ ಲೆಕ್ಕ ಮಾಡಿಸಿ. ದಿನಕ್ಕೆ ಎಷ್ಟು ಸಲ ಸ್ಪಾಸಂಗಳ ಸರಣಿ ಬಂತೆಂದು ಕ್ಯಾಲೆಂಡರಿನಲ್ಲೇ ಗೀಚಿದರೂ ಸಾಕು. ಎರಡು ವಾರದಲ್ಲಿ ಸ್ಪಾಸಂ ನಿಲ್ಲದಿದ್ದರೆ ಹಾರ್ಮೋನ್ ಅಥವಾ ಸ್ಟಿರಾಯ್ಡ್ ಚಿಕಿತ್ಸೆ ಸೇರಿಸುವ ಮಾತು ಬರುತ್ತದೆ. ಕಣ್ಣಿಗೆ ಕಾಣುವ ಸ್ಪಾಸಂ ನಿಂತರೂ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಲೇಬೇಕು.

ತೂಕಡಿಕೆ ಅಥವಾ ಕಿರಿಕಿರಿ ಆಗಬಹುದು. ದೊಡ್ಡ ಭಯ ಕಣ್ಣಿನದು: ಅಂಚಿನ ದೃಷ್ಟಿ ಹೋದರೆ ಮರಳುವುದಿಲ್ಲ. ಹಾಗಾಗಿ ಆರಂಭದಲ್ಲಿ ಮತ್ತು ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ಕಣ್ಣಿನ ತಪಾಸಣೆ. ಆದರೆ ಹೆದರಿ ನೀವಾಗಿಯೇ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಮರುಕಳಿಸಬಹುದು. ಇಳಿಸುವುದಿದ್ದರೂ ಹಂತ ಹಂತವಾಗಿಯೇ.

ಒಂದು ಹೊತ್ತು ತಪ್ಪಿದರೆ ಮುಂದಿನದನ್ನು ದುಪ್ಪಟ್ಟು ಮಾಡಬೇಡಿ. ಫಿಟ್ಸ್ 5 ನಿಮಿಷ ದಾಟಿದರೆ ಫಿಟ್ಸ್ ನಿಲ್ಲಿಸುವ ತುರ್ತು ಮದ್ದಾದ ಮಿಡಜೋಲಮ್ ಸ್ಪ್ರೇಯನ್ನು ಮೂಗಿಗೆ ಹೊಡೆದು ಆಸ್ಪತ್ರೆಗೆ ಹೊರಡಿ. ಒಮ್ಮೆ ಒತ್ತಿದರೆ ಬರುವ ಮದ್ದಿನ ಪ್ರಮಾಣ ಬಾಟಲಿಯಿಂದ ಬಾಟಲಿಗೆ ಬೇರೆ ಇರುವುದರಿಂದ ಎಷ್ಟು ಸಲ ಒತ್ತಬೇಕೆಂದು ಮೊದಲೇ ಬರೆಸಿಟ್ಟುಕೊಳ್ಳಿ.

ವಿಗಾಬ್ಯಾಟ್ರಿನ್ ಎಲ್ಲ ಮೆಡಿಕಲ್‌ಗಳಲ್ಲಿ ಸಿಗುವ ಮದ್ದಲ್ಲ. ಬೈಂದೂರು, ಸುಳ್ಯದ ಕಡೆಯವರು ಮಳೆಗಾಲದಲ್ಲಿ ಕನಿಷ್ಠ ಎರಡು ವಾರದ ಹೆಚ್ಚುವರಿ ಪೊಟ್ಟಣಗಳನ್ನು ತೇವ ತಾಗದ ಡಬ್ಬಿಯಲ್ಲಿ ಇಟ್ಟಿರಬೇಕು.